ಕಲ್ಲಿನಲ್ಲಿ ಅಪ್ಪನ ಮುಖ

ನಮ್ಮೂರಿನ ಗುಡಿಯಲ್ಲಿ ಪರದೆ ಎಳೆಯುವವನು ದೇವಿಗೆ ಬೆನ್ನು ಮಾಡಿ ನಿಲ್ಲಬೇಕು. ಕಲ್ಲಿನಲ್ಲಿ ಮೂಡಿದ ಮುಖ ಯಾರದೆಂದು ಅವನು ಮೊದಲು ನೋಡುವಂತಿಲ್ಲ, ಎದುರಿಗೆ ನಿಂತ ಜನರ ಕಣ್ಣುಗಳನ್ನು ನೋಡಬೇಕು. ನವರಾತ್ರಿಯ ಮೊದಲ ಬೆಳಿಗ್ಗೆ ಪರದೆ ಸರಿದ ಕೂಡಲೇ ಆ ಕಣ್ಣುಗಳೆಲ್ಲ ಕಲ್ಲಿನ ಮೇಲೆ ಒಂದು ಗಳಿಗೆ ನಿಲ್ಲುತ್ತವೆ. ಆಮೇಲೆ ಹೆಂಗಸರ ಗುಂಪಿನಲ್ಲಿರುವ ಯಾರೋ ಒಬ್ಬಳ ಕಡೆಗೆ, ಗಾಳಿಗೆ ಸಿಕ್ಕ ಸಜ್ಜೆಯ ಹೊಲದ ಹಾಗೆ, ಒಟ್ಟಿಗೆ ತಿರುಗುತ್ತವೆ. ಪರದೆ ಹಿಡಿದವನು ಆ ನೋಟದ ಜಾಡಿನಲ್ಲೇ ಹೋಗಿ ಅವಳನ್ನು ಗುರುತಿಸಿ ಗಟ್ಟಿಯಾಗಿ ಅವಳ ಹೆಸರು ಕೂಗುತ್ತಾನೆ. ಅಲ್ಲಿಂದ ಮಹಾನವಮಿಯವರೆಗೆ ಅವಳೇ ಊರಿನ ದೇವಿ.

ಆ ವರ್ಷ ಪರದೆ ಎಳೆದವನು ನನ್ನ ಅಪ್ಪ, ಹುಣಸೆ ಮಂಡಿಯ ನಿರ್ವಾಣಪ್ಪ. ನನಗೆ ತಿಳಿವಳಿಕೆ ಬರುವ ಮೊದಲಿನಿಂದಲೂ ಅವನೇ ಗುಡಿಯ ಮೊಕ್ತೇಸರ. ಬಿಳಿ ಪಂಚೆ, ತುದಿ ತಿರುವಿದ ಮೀಸೆ, ಹೆಗಲ ಮೇಲೆ ಕೆಂಪು ಅಂಚಿನ ವಲ್ಲಿ. ಅವನು ಹಗ್ಗ ಎಳೆದ. ಜನರ ಕಣ್ಣು ಕಲ್ಲಿನ ಮೇಲೆ ನಿಂತವು. ನಿಂತೇ ಇದ್ದವು. ಆಮೇಲೆ, ಒಂದೊಂದಾಗಿ, ಅವನ ಮೇಲೆ ಬಂದು ಕೂತವು.

ಅಪ್ಪ ನಕ್ಕ. ತನ್ನ ಮನೆಯ ಹೆಂಗಸಿಗೆ ಎರಡನೆಯ ಸಲ ದೇವಿ ಒಲಿದಿದ್ದಾಳೆ, ಅದಕ್ಕೇ ಜನ ತನ್ನನ್ನು ನೋಡುತ್ತಿದ್ದಾರೆ ಎಂದುಕೊಂಡಿರಬೇಕು. ಹೆಂಗಸರ ನಡುವೆ ಅವ್ವನನ್ನು ಹುಡುಕಿದ. ಅವ್ವನೂ ಅವನನ್ನೇ ನೋಡುತ್ತಿದ್ದಳು. ಆಗ ಅವನ ನಗೆ ಮೀಸೆಯಲ್ಲೇ ಉಳಿದು, ಕಣ್ಣಿನಿಂದ ಹೋಯಿತು. ಹಗ್ಗ ಬಿಟ್ಟು ಹಿಂದಕ್ಕೆ ತಿರುಗಿದ. ನಾನು ಕಂಬದ ಪಕ್ಕದಲ್ಲಿದ್ದೆ. ತನ್ನ ಮುಖವನ್ನು ತಾನೇ ಎದುರಿಗೆ ಕಂಡವನ ಬೆನ್ನು ಹೇಗಿರುತ್ತದೆ ಎಂದು ಅವತ್ತು ನೋಡಿದೆ. ಭುಜ ಎರಡೂ ಮೆಲ್ಲಗೆ ಕೆಳಗಿಳಿದವು, ಅಷ್ಟೇ. ಗುಡಿಯೊಳಗೆ ಯಾರೂ ಯಾವ ಹೆಸರನ್ನೂ ಕೂಗಲಿಲ್ಲ. ಗಂಟೆಯ ಹಗ್ಗ ಹಿಡಿದಿದ್ದ ಪೂಜಾರಿ ಕರಿಬಸಯ್ಯ ಅದನ್ನು ಎಳೆಯುವುದೋ ಬಿಡುವುದೋ ತಿಳಿಯದೆ ಹಾಗೆಯೇ ನಿಂತಿದ್ದ.

ವರ್ಷವಿಡೀ ನಮ್ಮ ಮೊಗದಮ್ಮ ಬರೀ ಕಲ್ಲು. ರುಬ್ಬುವ ಗುಂಡಿನಂತೆ ನುಣುಪು, ಕಣ್ಣಿಲ್ಲ, ಮೂಗಿಲ್ಲ. ನವರಾತ್ರಿಯಲ್ಲಿ ಮಾತ್ರ ಅವಳಿಗೆ ಊರಿನ ಒಬ್ಬ ಹೆಂಗಸಿನ ಮುಖ ಬರುತ್ತದೆ. ಬಳೆಗಾರ್ತಿಗೆ ಬಂದಿದೆ, ಗಂಡ ಸತ್ತವಳಿಗೆ ಬಂದಿದೆ, ಮದುವೆಯಾಗಿ ಅದೇ ವಾರ ಊರಿಗೆ ಕಾಲಿಟ್ಟ ಸೊಸೆಗೂ ಬಂದಿದೆ. ಪಕ್ಕದ ಪಟ್ಟಣಕ್ಕೆ ಸಿನಿಮಾ ನೋಡಲು ಹೋಗಿದ್ದವಳೊಬ್ಬಳನ್ನು ಥಿಯೇಟರಿನ ಕತ್ತಲೆಯಿಂದ ಎಬ್ಬಿಸಿ, ಮಂಗಳಾರತಿ ಎತ್ತಿ, ಬಸ್ಸಿನಲ್ಲಿ ಕರೆತಂದಿದ್ದರಂತೆ. ಊರು ಇದಕ್ಕೆ ಒಗ್ಗಿಕೊಂಡಿದೆ. ಶ್ರಾವಣ ಬಂತೆಂದರೆ ಅತ್ತೆಯರ ದನಿ ತಗ್ಗುತ್ತದೆ, ಯಾರಿಗೆ ಗೊತ್ತು, ಈ ಸಲ ಸೊಸೆಯ ಕಾಲಿಗೇ ಬೀಳಬೇಕಾದೀತು. ಹೊಡೆಯುವ ಗಂಡಂದಿರು ಕೂಡ ಆ ಒಂದೆರಡು ತಿಂಗಳು ಕೈ ಕಟ್ಟಿಕೊಂಡಿರುತ್ತಾರೆ. ಹೆಂಗಸರು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದೆರಡು ಹೆಜ್ಜೆ ಹಾಕಿ ನೋಡುತ್ತಾರೆ.

ಏಕೆಂದರೆ ಮುಖ ಬಂದವಳು ಮಹಾನವಮಿಯ ಸಂಜೆ ಕುಣಿಯಲೇಬೇಕು. ಉರುಮೆಯ ಪೆಟ್ಟಿಗೆ ಅವಳು ಕಲ್ಲಿನ ಎದುರು ಕುಣಿಯುತ್ತ ಹೋದಂತೆ ಕಲ್ಲಿನ ಮುಖ ಮಾಸುತ್ತ ಬರುತ್ತದೆ. ಪೂರ್ತಿ ಅಳಿಸಿ ಕಲ್ಲು ಮತ್ತೆ ನುಣುಪಾದಾಗ, ಪಕ್ಕದಲ್ಲಿ ನಿಂತ ಮೊಕ್ತೇಸರ ಬಲಗೈ ಎತ್ತುತ್ತಾನೆ. ಉರುಮೆ ನಿಲ್ಲುತ್ತದೆ, ಕಾಲು ನಿಲ್ಲುತ್ತದೆ. ಕೈ ಏಳುವ ಮೊದಲು ನಿಂತರೆ ಕುಣಿಯಲು ಒಲ್ಲೆ ಎಂದ ಹಾಗೆ. ಹಾಗೆ ಒಲ್ಲೆ ಎಂದವಳೊಬ್ಬಳು ಕೆರೆಕೋಡಿಯ ಹತ್ತಿರದ ಗುಡಿಸಲಿನಲ್ಲಿ ಈಗಲೂ ಇದ್ದಾಳೆ. ಅವಳ ಮುಖ ಆ ವರ್ಷವೆಲ್ಲ ಕಲ್ಲಿನಲ್ಲೇ ಉಳಿಯಿತು. ಅವಳ ಹತ್ತಿರ ಉಳಿಯಲಿಲ್ಲ. ಅವಳ ಸೆರಗಿನ ಕೆಳಗೆ ಈಗ ಏನಿದೆಯೆಂದು ಯಾರೂ ನೋಡಿಲ್ಲ. ಮಗ ಅವಳನ್ನು ಬಳೆಯ ಸದ್ದಿನಿಂದ ಗುರುತಿಸುತ್ತಾನೆ.

ಕುಣಿತದ ಸಂಜೆ ಗರ್ಭಗುಡಿಯ ಬಾಯಿ ತುಂಬ ಧೂಪದ ಹೊಗೆ ಇರುತ್ತದೆ. ಹಿಂದೆ ನಿಂತ ಜನಕ್ಕೆ ಕಲ್ಲು ಕಾಣುವುದಿಲ್ಲ. ಕಾಣುವುದು ಮೊಕ್ತೇಸರನಿಗೆ, ದೀವಟಿಗೆ ಹಿಡಿದವನಿಗೆ, ಮತ್ತೆ ಕುಣಿಯುವವಳಿಗೆ. ಜನ ನೋಡುವುದು ಕೈಯನ್ನು. ಎಷ್ಟು ತಡವಾಗಿ ಎದ್ದಿತೋ ಅಷ್ಟು ಹೆಚ್ಚು ಕೃಪೆ ಎಂಬುದು ನಮ್ಮೂರಿನ ಲೆಕ್ಕ. ಬೇಗ ಮುಗಿದರೆ ಅಮ್ಮ ಆ ಮನೆಯನ್ನು ಮುಟ್ಟಿ ಬಿಟ್ಟಳು ಅನ್ನುತ್ತಾರೆ, ತಡವಾದರೆ ಅಪ್ಪಿಕೊಂಡಳು ಅನ್ನುತ್ತಾರೆ. ಬೇಗ ಸುಸ್ತಾದವರನ್ನು ಕಂಡರೆ ಅಪ್ಪ ಹೇಳುವ ಒಂದು ಮಾತಿತ್ತು. ಭಕ್ತಿ ಇದ್ದರೆ ಕಾಲು ತಾನಾಗಿ ಏಳುತ್ತವೆ ಅನ್ನುತ್ತಿದ್ದ. ಊರಿನ ಹೆಂಗಸರಿಗೆಲ್ಲ ಆ ಮಾತು ಬಾಯಿಪಾಠವಾಗಿತ್ತು.

ಗಂಡಸಿನ ಮುಖ ಬಂದ ವರ್ಷ ಯಾವುದೂ ಇರಲಿಲ್ಲ. ಹಾಗಾಗಿ ಅದು ಅಪ್ಪನ ಮುಖವಲ್ಲ ಎಂದು ತೀರ್ಮಾನಿಸಲು ಹಿರಿಯರು ಮೊದಲ ದಿನವನ್ನೆಲ್ಲ ಕಳೆದರು. ಕಲ್ಲಿನ ಮುಖಕ್ಕೆ ಮೀಸೆ ಇರಲಿಲ್ಲ, ಅದೇ ದೊಡ್ಡ ಆಧಾರ. ಇದು ನಿರ್ವಾಣಪ್ಪನ ತಂಗಿ ಬಸಲಿಂಗಮ್ಮನ ಮುಖ, ಇಬ್ಬರದೂ ಒಂದೇ ಎರಕ ಎಂದರು. ನನ್ನ ಸೋದರತ್ತೆ ಬಸಲಿಂಗಮ್ಮನನ್ನು ಕರೆಸಿ ಕಲ್ಲಿನ ಪಕ್ಕ ನಿಲ್ಲಿಸಿದರು. ಮೂಗು ಹೊಂದಿತು, ಗದ್ದ ಹೊಂದಿತು. ಆದರೆ ಕಲ್ಲಿನ ಎಡಹುಬ್ಬನ್ನು ಒಂದು ಗೆರೆ ಸೀಳಿಕೊಂಡು ಹೋಗಿತ್ತು. ಅತ್ತೆಯ ಹುಬ್ಬು ಸರಿಯಾಗಿತ್ತು. ಮಂಡಿಯಲ್ಲಿ ಮೂಟೆಯ ಕೊಕ್ಕೆ ತಗುಲಿ ಹುಬ್ಬು ಸೀಳಿದ್ದು ಯಾರಿಗೆಂದು ಊರಿಗೆಲ್ಲ ಗೊತ್ತು. ಅತ್ತೆ ಕೆಳಗಿಳಿದು ಬಂದು, ಬೇಕಾದರೆ ನನಗೂ ಒಂದು ಕೊಕ್ಕೆ ಹಾಕಿ ನೋಡಿ, ಅಣ್ಣನ ಮಾನ ಉಳಿಯುವುದಾದರೆ ಹಾಕಿಸಿಕೊಳ್ಳುತ್ತೇನೆ ಎಂದಳು. ಕೆಲವರು ನಕ್ಕರು. ಅಪ್ಪ ನಗಲಿಲ್ಲ. ಅತ್ತೆಯ ಮಾತನ್ನು ಅವನು ನಿಜವಾಗಿಯೂ ತೂಗಿ ನೋಡುತ್ತಿದ್ದಾನೆ ಎಂದು ನನಗೆ ಅನ್ನಿಸಿತು.

ಮರುದಿನ ಅವನೇ ಒಂದು ದಾರಿ ಹೇಳಿದ. ತನ್ನ ಮೀಸೆ ತೆಗೆಸಿ ಮುಖವನ್ನು ಕಲ್ಲಿನ ಪಕ್ಕ ಇಟ್ಟು ನೋಡಲಿ, ವ್ಯತ್ಯಾಸ ತಾನೇ ತಿಳಿಯುತ್ತದೆ ಎಂದ. ತನ್ನ ಮೇಲ್ದುಟಿಯನ್ನು ಅವನೇ ಕಂಡು ಎಷ್ಟು ಕಾಲವಾಗಿತ್ತೋ. ಕ್ಷೌರದ ಯಂಕೋಬನನ್ನು ಮನೆಯ ಜಗಲಿಗೇ ಕರೆಸಿದರು. ಯಂಕೋಬ ಬಾಯಿ ಮುಚ್ಚದ ಮನುಷ್ಯ, ಕತ್ತಿ ಮಸೆಯುವಾಗಿನಿಂದ ಹಿಡಿದು ಪೌಡರು ಹಚ್ಚುವವರೆಗೂ ಮಾತಾಡುತ್ತಾನೆ. ಅವತ್ತು ಮೀಸೆಯ ಎಡತುದಿ ತೆಗೆಯುವವರೆಗೆ ಮಾತಾಡಿದ. ಬಲತುದಿಯನ್ನು ಮಾತಿಲ್ಲದೆ ತೆಗೆದ. ಮುಗಿದ ಮೇಲೆ ಅಪ್ಪ ಕನ್ನಡಿಗೆ ಕೈ ಚಾಚಿದ. ಯಂಕೋಬ ಕನ್ನಡಿಯನ್ನು ಬೋರಲಾಗಿ ಜಗಲಿಯ ಮೇಲಿಟ್ಟು, ಕತ್ತಿಯನ್ನು ತೊಳೆಯದೆಯೇ ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ಮತ್ತೆ ಗುಡಿಗೆ ಹೋಗಿ ಪಕ್ಕ ನಿಲ್ಲುವ ಮಾತನ್ನು ಯಾರೂ ಎತ್ತಲಿಲ್ಲ.

ಅಪ್ಪ ಕೋಣೆ ಸೇರಿದ. ಪದ್ಧತಿಯಂತೆ ಮುಖ ಬಂದವರ ಮನೆಗೆ ದಿನವೂ ಆರತಿ ಬರುತ್ತದೆ. ಜನ ತಟ್ಟೆ ಹಿಡಿದು ಬಂದರು, ಎಲ್ಲಿ ನೋಡಬೇಕೆಂದು ತಿಳಿಯದೆ ಮುಚ್ಚಿದ ಬಾಗಿಲಿಗೆ ಆರತಿ ಎತ್ತಿ, ಹೊಸಿಲಿಗೆ ಕುಂಕುಮ ಇಟ್ಟು ಹೋದರು. ಮಂಡಿಯ ಅಂಗಳದಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಹೆಂಗಸರಿಗೆ ಮಾತ್ರ ಹಬ್ಬ. ಮೊದಲು ಪಿಸುಗುಟ್ಟುತ್ತಿದ್ದವರು ದಿನ ಕಳೆದಂತೆ ಅಪ್ಪನ ಕೋಣೆಯ ಕಿಟಕಿಗೆ ಕೇಳುವಂತೆಯೇ ಆಡಿಕೊಂಡರು. ಮೊಕ್ತೇಸರರಿಗೆ ಯಾವ ಬಣ್ಣದ ಸೀರೆ ಒಪ್ಪೀತು ಎಂದು ಒಬ್ಬಳು ಕೇಳಿದರೆ, ಹುಣಸೆ ಬಣ್ಣದ್ದು, ಬೆವರಿದರೂ ಕಾಣುವುದಿಲ್ಲ ಎಂದಳು ಇನ್ನೊಬ್ಬಳು. ಎಲ್ಲರಿಗಿಂತ ಹಿರಿಯಳಾದ ಸಣ್ಣೀರಮ್ಮ ಕೊಡತಿಯನ್ನು ಕೆಳಗಿಟ್ಟು, ಅಪ್ಪನದೇ ದನಿಯಲ್ಲಿ, ಗಂಟಲು ದಪ್ಪ ಮಾಡಿಕೊಂಡು ಹೇಳಿದಳು:

"ಯಾಕ್ರವ್ವ ನಗ್ತೀರಿ? ಭಕ್ತಿ ಇದ್ರೆ ಕಾಲು ತಾನಾಗೇ ಏಳ್ತಾವೆ."

ಅಂಗಳವೆಲ್ಲ ನಕ್ಕಿತು. ಕಿಟಕಿಯ ಕದ ಒಳಗಿನಿಂದ ಮುಚ್ಚಿಕೊಂಡಿತು.

ಅವ್ವ ನಗಲಿಲ್ಲ, ನಗಬೇಡಿ ಎಂದೂ ಅವರಿಗೆ ಹೇಳಲಿಲ್ಲ. ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತ ಮೇಲೆ ಮಾಡಿದ ಕೆಲಸವೆಂದರೆ ಅವ್ವನ ಮೌನವನ್ನು ಗಮನಿಸಿದ್ದು. ನಿಮ್ಮವ್ವ ಓಂಕಾರಮ್ಮ ಮೊದಲಿಗೆ ಹೀಗಿರಲಿಲ್ಲ, ಅಡಿಗೆಮನೆಯಲ್ಲಿ ಹಾಡುತ್ತಿದ್ದಳು, ಅವಳ ನಗೆ ಮೂರನೆಯ ಮನೆಗೆ ಕೇಳುತ್ತಿತ್ತು ಎಂದು ಬಸಲಿಂಗತ್ತೆ ಹೇಳುತ್ತಾಳೆ. ಅವ್ವನ ಮುಖ ಕಲ್ಲಿನಲ್ಲಿ ಬಂದ ವರ್ಷ ನಾನು ಅತ್ತೆಯ ಮಡಿಲ ಕೂಸು. ಅದರ ಹಿಂದಿನ ವರ್ಷ ಕಿರಾಣಿ ಕೊಟ್ರಯ್ಯನ ಹೆಂಡತಿ ದೀಪ ಹಚ್ಚುವ ಹೊತ್ತಿನವರೆಗೆ ಕುಣಿದಿದ್ದಳು, ಆ ವರ್ಷವೆಲ್ಲ ಕೊಟ್ರಯ್ಯ ಪಂಚಾಯಿತಿ ಕಟ್ಟೆಯ ಮೇಲೆ ಅಪ್ಪನಿಗಿಂತ ಒಂದು ಗೇಣು ಎತ್ತರವಾಗಿ ಕೂರುತ್ತಿದ್ದ. ಅವ್ವ ಆಗ ಬಸುರಿ. ಊರಿಗೆ ತಿಳಿದಿರಲಿಲ್ಲ, ಮನೆಗೆ ತಿಳಿದಿತ್ತು. ಬಸುರಿಯರ, ಮುದುಕಿಯರ ಮುಖವನ್ನು ಅಮ್ಮ ಬೇಗ ಅಳಿಸಿಕೊಳ್ಳುತ್ತಾಳೆ, ನಾಲ್ಕು ಹೆಜ್ಜೆ ಹಾಕಿದರೆ ಸಾಕು ಎಂದು ಹಿರಿಯರು ಧೈರ್ಯ ಹೇಳಿ ಕಳಿಸಿದ್ದರು. ಅವ್ವ ನಾಲ್ಕು ಹೆಜ್ಜೆ ಹಾಕಿದಳು, ಹೊತ್ತು ಇಳಿಯುವವರೆಗೆ ಹಾಕಿದಳು, ದೀಪ ಹಚ್ಚಿದ ಮೇಲೂ ಹಾಕಿದಳು. ಅಪ್ಪನ ಕೈ ಏಳಲೇ ಇಲ್ಲ. ಕೊನೆಗೆ ಅವಳು ಬಿದ್ದ ಹೊತ್ತಿಗೂ ಕೈ ಎದ್ದ ಹೊತ್ತಿಗೂ ಒಂದು ಉಸಿರಿನ ಅಂತರ ಎಂದು ಅತ್ತೆ ಹೇಳುತ್ತಾಳೆ. ನಮ್ಮೂರಿನಲ್ಲಿ ಇಂದಿಗೂ ಅದೇ ದೊಡ್ಡ ಕುಣಿತ. ಆ ರಾತ್ರಿ ಹೋದ ಕೂಸಿನ ಬಗ್ಗೆ, ಅಮ್ಮ ಕೊಟ್ಟಿದ್ದನ್ನು ಅಮ್ಮನೇ ತೆಗೆದುಕೊಂಡಳು ಎಂದು ಮನೆಯಲ್ಲಿ ಹೇಳಿದರು. ನನ್ನ ನಂತರ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ.

ದುರ್ಗಾಷ್ಟಮಿಯ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದವನು ಬಾಗಿಲ ಸಂದಿಯಲ್ಲಿ ಅಪ್ಪನನ್ನು ಕಂಡೆ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಕೋಣೆಯ ನಡುವೆ ನಿಂತಿದ್ದ. ಬಲಗಾಲು ಎತ್ತಿದ, ಸ್ವಲ್ಪ ಹೊತ್ತು ಅದನ್ನು ನೋಡಿದ, ಸದ್ದಾಗದಂತೆ ಇಳಿಸಿದ. ಎಡಗಾಲು ಎತ್ತುವಾಗ ಗೋಡೆ ಹಿಡಿದುಕೊಂಡ. ಮೀಸೆಯಿಲ್ಲದ ಆ ಮುಖ ನನಗೆ ಇನ್ನೂ ಹೊಸದು. ಅದರಲ್ಲಿ ಬಸಲಿಂಗತ್ತೆ ಇದ್ದಳು, ನಾನು ಇದ್ದೆ, ಎಂದೂ ನೋಡಿರದ ಯಾರೋ ಒಬ್ಬರು ಇದ್ದರು. ಊಟಕ್ಕೆ ಕರೆಯದೆ ಹಿಂತಿರುಗಿದೆ. ಅವ್ವ ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಕೂತಿದ್ದಳು. ಕುಣಿಯುವವರು ಹಿಂದಿನ ದಿನ ಉಪ್ಪು ಮುಟ್ಟಬಾರದು, ಅವರಿಗೆ ಸಪ್ಪೆ ಗಂಜಿ ಮಾಡಿದ್ದೇನೆ, ಕೊಟ್ಟು ಬಾ ಎಂದಳು. ಅಪ್ಪ ಕುಣಿಯುತ್ತಾನೆ ಎಂದು ನಮ್ಮ ಮನೆಯಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವನು ಓಡಿಹೋಗುತ್ತಾನೆ ಎಂದು ಊರು ನಂಬಿತ್ತು. ಮಹಾನವಮಿಯ ಬೆಳಗಿನ ಬಸ್ಸಿನ ಹತ್ತಿರ ಕೊಟ್ರಯ್ಯ ಸುಮ್ಮನೆ ನಿಂತವನಂತೆ ನಿಂತಿದ್ದ. ಅಪ್ಪ ಬಸ್ಸಿಗೆ ಹೋಗಲಿಲ್ಲ, ಕೆರೆಕೋಡಿಗೆ ಹೋದ. ನಾನು ದೂರದಿಂದ ಹಿಂಬಾಲಿಸಿದೆ. ಗುಡಿಸಲಿನ ಮುಂದೆ ಸೆರಗು ಹೊದ್ದವಳು ಬಟ್ಟಲು ತಿಕ್ಕುತ್ತಿದ್ದಳು. ಅಪ್ಪ ಅವಳೆದುರು ನಿಂತು ಏನೋ ಕೇಳಿದ. ಅವಳು ಸೆರಗನ್ನು ಒಂದಿಷ್ಟು ಸರಿಸಿ ಅವನಿಗೆ ತೋರಿಸಿದಳು. ನನಗೆ ಕಂಡದ್ದು ಅಪ್ಪ ಹಿಂದಕ್ಕೆ ಇಟ್ಟ ಹೆಜ್ಜೆ ಮಾತ್ರ. ಮನೆಗೆ ಬಂದವನೇ ಬಾವಿಕಟ್ಟೆಯಲ್ಲಿ ಮಿಂದು, ಸೀರೆ ಕೊಡಿ ಎಂದ.

ಗುಡಿಯ ಮಗ್ಗುಲಿನ ಸಣ್ಣ ಕೋಣೆಯಲ್ಲಿ ಅವನನ್ನು ಸಿಂಗರಿಸಿದರು. ಸೀರೆ ಉಡಿಸಿದ್ದು ಬಸಲಿಂಗತ್ತೆ. ಅವಳು ತಮಾಷೆಯನ್ನೆಲ್ಲ ಬಿಟ್ಟು, ಕೂಸಿಗೆ ಉಡಿಸುವ ಹಾಗೆ ನೆರಿಗೆ ಹಿಡಿದಳು. ಹಸಿರು ಸೀರೆ, ಹಣೆ ತುಂಬ ಅರಿಶಿನದ ಭಂಡಾರ, ತೋಳಿಗೆ ಬೇವಿನ ಎಸಳು. ಗೆಜ್ಜೆ ಕಟ್ಟುವುದು ಹಿಂದೆ ಕುಣಿದವಳೊಬ್ಬಳ ಕೆಲಸ. ಯಾರು ಎಂಬ ಪ್ರಶ್ನೆ ಬರುವ ಮೊದಲೇ ಅವ್ವ ಗೆಜ್ಜೆಯ ಬುಟ್ಟಿ ಹಿಡಿದು ಒಳಗೆ ಬಂದಳು. ಅಪ್ಪನ ಕಾಲಿನ ಹತ್ತಿರ ಕೂತಳು. ದೀವಟಿಗೆ ಹಿಡಿಯಲು ನನ್ನನ್ನು ನೇಮಿಸಿದ್ದರು. ಅದಕ್ಕೆ ಎಣ್ಣೆ ಹಾಕುತ್ತ ನಾನೂ ಅಲ್ಲೇ ಇದ್ದೆ.

ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ:

"ನಂಗೆ ಕುಣಿಯಾಕೆ ಬರಲ್ಲ ಕಣೆ."

"ನಂಗೂ ಬರ್ತಿರ್ಲಿಲ್ಲ," ಎಂದಳು ಅವ್ವ, ಗಂಟು ಬಿಗಿಯುತ್ತ.

ಹೊರಗೆ ಉರುಮೆಗೆ ಬಿಸಿ ತೋರಿಸುತ್ತಿದ್ದರು, ಚರ್ಮ ಹದಕ್ಕೆ ಬಂದಿದೆಯೇ ಎಂದು ನೋಡಲು ಒಂದೊಂದೇ ಪೆಟ್ಟು. ಅಪ್ಪ ಅದನ್ನೇ ಕೇಳುತ್ತ ಕೂತಿದ್ದ. ಮೊಕ್ತೇಸರನೇ ಕುಣಿಯುವಾಗ ಕೈ ಎತ್ತುವವರು ಯಾರೆಂದು ಊರು ಬೆಳಗಿನಿಂದ ಚರ್ಚಿಸುತ್ತಿತ್ತು. ಕೊಟ್ರಯ್ಯನ ಹೆಸರು ಕೇಳಿಬಂದಿತ್ತು. ಅಪ್ಪ ಅದನ್ನು ಕೇಳಲಾರದೆ ಕೇಳಿದ. ಕೊಟ್ರಯ್ಯನಾ ಎಂದ.

"ನಾನು," ಎಂದಳು ಅವ್ವ. "ಕರಿಬಸಯ್ಯಂಗೆ ಹೇಳಿ ಬಂದೀನಿ."

ಅಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಗೆಜ್ಜೆ ಸದ್ದಾಯಿತು. ಅವನ ಕೈ, ಹಣೆ, ಮೀಸೆ ಇದ್ದ ಜಾಗ ಎಲ್ಲ ಒಮ್ಮೆಲೇ ಬೆವರಿದವು. ಭಂಡಾರ ಕರಗಿ ಹುಬ್ಬಿನ ಗೆರೆಯಲ್ಲಿ ಇಳಿಯಿತು. ಅವ್ವ ಆ ಕಾಲನ್ನು ಹಿಡಿದು ಮತ್ತೆ ಮುಂದಕ್ಕೆ ತಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಹೆದರಬ್ಯಾಡಿ," ಎಂದಳು. "ಅಳಿಸಿದ ಕೂಡ್ಲೆ ಎತ್ತತೀನಿ. ಅವತ್ತು ಅಳಿಸಿದ್ದು ನಂಗೆ ಕಾಣ್ತಿತ್ತು."

ಬಸಲಿಂಗತ್ತೆ ಹಿಡಿದಿದ್ದ ಹೂವಿನ ದಂಡೆ ಕೆಳಗೆ ಬಿತ್ತು. ನನ್ನ ಕೈಯ ಎಣ್ಣೆ ದೀವಟಿಗೆಯ ಬಾಯಿ ತಪ್ಪಿ ನೆಲಕ್ಕೆ ಸುರಿಯುತ್ತಿತ್ತು, ಅದು ತಿಳಿದದ್ದು ಪಾದ ಒದ್ದೆಯಾದ ಮೇಲೆ. ಅವ್ವನ ಇಷ್ಟು ವರ್ಷಗಳ ಮೌನವನ್ನು ನಾನು ದುಃಖ ಎಂದು ಓದಿಕೊಂಡಿದ್ದೆ. ಅದರೊಳಗೆ ನುಣುಪಾದ ಕಲ್ಲೊಂದು ಇತ್ತು. ಅದನ್ನು ನೋಡುತ್ತ, ಏಳದ ಕೈಯನ್ನೂ ನೋಡುತ್ತ ಅವಳು ಕುಣಿಯುತ್ತಲೇ ಇದ್ದಳು. ಮನೆಯವರಲ್ಲಿ ಅವರಿಬ್ಬರಿಗೆ ಮಾತ್ರ ಅದು ಗೊತ್ತಿತ್ತು. ಅಷ್ಟು ವರ್ಷ ಅವರು ಒಂದೇ ಮನೆಯಲ್ಲಿ ಉಂಡಿದ್ದರು. ಅಪ್ಪ ಅಲ್ಲ ಎನ್ನಲಿಲ್ಲ. ಅವ್ವ ಎರಡನೆಯ ಕಾಲಿಗೂ ಗೆಜ್ಜೆ ಕಟ್ಟಿ, ಗಂಟು ಎಳೆದು ನೋಡಿ, ಎದ್ದು ಹೋದಳು.

ಸಂಜೆ ಇನ್ನೂ ಬೆಳಕಿತ್ತು. ಸೀರೆಯುಟ್ಟ ಅಪ್ಪ ಹೊರಗೆ ಬಂದಾಗ ನಗಲೆಂದೇ ಬಂದವರು ಬಹಳ ಜನರಿದ್ದರು. ಆದರೆ ಕಲ್ಲಿನಲ್ಲಿದ್ದ ಮುಖವೇ, ಹಾಗೆಯೇ, ಕಣ್ಣು ಮಿಟುಕಿಸುತ್ತ ನಡೆದು ಬರುವುದನ್ನು ಕಂಡು ಯಾರಿಗೂ ನಗೆ ಬರಲಿಲ್ಲ. ಸಣ್ಣೀರಮ್ಮ ಕೂಡ ಕೈ ಮುಗಿದಳು. ಧೂಪ ಎದ್ದಿತು. ಕಲ್ಲಿನ ಎಡಕ್ಕೆ ನಾನು ದೀವಟಿಗೆ ಹಿಡಿದು ನಿಂತೆ, ಬಲಕ್ಕೆ ಅವ್ವ. ಉರುಮೆ ಶುರುವಾಯಿತು.

ಮೊದಲ ಹೆಜ್ಜೆಗಳು ನೋಡುವಂತಿರಲಿಲ್ಲ. ಮಂಡಿಯಲ್ಲಿ ಮೂಟೆ ದಾಟುವವನ ಹಾಗೆ ಕಾಲು ಎತ್ತಿ ಇಡುತ್ತಿದ್ದ. ಸೀರೆಯ ಅಂಚು ಹೆಬ್ಬೆರಳಿಗೆ ಸಿಕ್ಕಿ ಒಮ್ಮೆ ಮುಗ್ಗರಿಸಿದ. ಅವನ ಕಣ್ಣು ಕಲ್ಲಿನ ಮೇಲಿರಲಿಲ್ಲ, ಅವ್ವನ ಬಲಗೈಯ ಮೇಲಿತ್ತು. ಅವ್ವನ ಕಣ್ಣು ಕಲ್ಲನ್ನು ಬಿಟ್ಟು ಅಲುಗಲಿಲ್ಲ. ನಾನು ನೋಡುತ್ತಿದ್ದಂತೆ ಹುಬ್ಬಿನ ಗೆರೆ ತೆಳುವಾಯಿತು. ಮೂಗು ನೀರಿನಲ್ಲಿ ನೆನೆದ ಬೆಲ್ಲದ ಅಚ್ಚಿನ ಹಾಗೆ ಕರಗಿತು. ತುಟಿ ಹೋಯಿತು. ಕೊನೆಯಲ್ಲಿ ಕಣ್ಣು ಎರಡೂ ಉಳಿದಿದ್ದವು, ಅವೂ ಹೋದವು. ಬಹಳ ಹೊತ್ತೇನೂ ಆಗಿರಲಿಲ್ಲ. ಅಪ್ಪನ ವಯಸ್ಸನ್ನು ಅಮ್ಮ ನೆನಪಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

ಕೊನೆಯ ಕಣ್ಣು ಮಾಸಿದ ಗಳಿಗೆಯಲ್ಲೇ ಅವ್ವನ ಕೈ ಮೇಲಕ್ಕೆ ಹೋಯಿತು. ತಡವಿಲ್ಲ, ಅವಸರವೂ ಇಲ್ಲ. ಬಳೆಗಳು ಮೊಣಕೈಗೆ ಜಾರಿದವು. ಉರುಮೆ ನಿಂತಿತು.

ಅಪ್ಪ ನಿಲ್ಲಲಿಲ್ಲ.

ಅವನು ಕೈಯನ್ನು ನೋಡಿದ್ದ. ನೋಡಿದ್ದನ್ನು ನಾನು ನೋಡಿದೆ. ನೋಡಿ, ಬಲಗಾಲು ಎತ್ತಿ ಇಟ್ಟ. ಎಡಗಾಲು ಎತ್ತಿ ಇಟ್ಟ. ಉರುಮೆಯವರು ಒಬ್ಬರ ಮುಖ ಒಬ್ಬರು ನೋಡಿ ಕೋಲು ಕೆಳಗಿಟ್ಟರು. ಗುಡಿಯಲ್ಲಿ ಗೆಜ್ಜೆಯ ಸದ್ದು ಮಾತ್ರ ಉಳಿಯಿತು. ಕೈ ಎದ್ದ ಮೇಲೂ ಕುಣಿದವರು ನಮ್ಮೂರಿನಲ್ಲಿ ಇರಲಿಲ್ಲ, ಅಂಥವರನ್ನು ಏನು ಮಾಡಬೇಕೆಂದು ಯಾವ ಪದ್ಧತಿಯೂ ಹೇಳಿರಲಿಲ್ಲ. ಕರಿಬಸಯ್ಯ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ಅವ್ವನ ಕೈ ಮೇಲೆಯೇ ಇತ್ತು. ನಿಲ್ಲು ಎಂದು ಅವಳು ಬಾಯಿಬಿಡಲಿಲ್ಲ, ಕೈಯನ್ನು ಇಳಿಸಲೂ ಇಲ್ಲ. ಅಪ್ಪನ ಸೆರಗು ಜಾರಿತು. ತೋಳಿನ ಬೇವು ಉದುರಿತು. ಹೊತ್ತು ಮುಳುಗಿ ಹೆಂಗಸರು ಕಂಬದ ದೀಪಗಳನ್ನು ಹಚ್ಚಿದರು. ಅವನ ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಕಾಲು ಈಗ ತಾನಾಗಿ ಏಳುತ್ತಿದ್ದವೋ ಅವನು ಎತ್ತುತ್ತಿದ್ದನೋ ನನಗೆ ತಿಳಿಯಲಿಲ್ಲ. ನಿಲ್ಲಿಸಪ್ಪ ಎಂದು ಕೂಗಬೇಕೆನ್ನಿಸಿತು. ದೀವಟಿಗೆಗೆ ಮತ್ತೆ ಎಣ್ಣೆ ಹಾಕಿದೆ.

ಮೊಣಕಾಲು ಕುಸಿದು ಅವನು ಬಿದ್ದಾಗ ಬಸಲಿಂಗತ್ತೆ ಅಳುತ್ತ ಓಡಿಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಉಸಿರಾಡುತ್ತಿದ್ದ. ಕಣ್ಣು ತೆರೆದೇ ಇದ್ದವು. ಕಲ್ಲಿನಲ್ಲಿಲ್ಲದ ಆ ಮುಖ ಪೂರ್ತಿಯಾಗಿ ಅವನ ಹತ್ತಿರವೇ ಇತ್ತು. ಜನ ಎದ್ದು ನಿಂತಿದ್ದರು, ಯಾರಿಗೂ ಜಯಕಾರ ಹಾಕಲು ತೋಚಲಿಲ್ಲ. ಆಗ ಅವ್ವ ಕೈ ಇಳಿಸಿದಳು. ಮರಗಟ್ಟಿದ ತೋಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತ ಬಂದು ಅಪ್ಪನ ಕಾಲಿನ ಹತ್ತಿರ ಕೂತು, ಊದಿದ ಪಾದದಿಂದ ಒಂದು ಗೆಜ್ಜೆ ಬಿಚ್ಚಿದಳು. ಅನ್ನ ಬೆಂದಿದೆಯೋ ಇಲ್ಲವೋ ಹೇಳುವ ದನಿಯಲ್ಲಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು. ದೀವಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದರಿಂದ ನನಗೂ ಕೇಳಿಸಿತು.

"ಅವತ್ತು ನಾನು ಇನ್ನೂ ಒಸಿ ಹೊತ್ತು ಕುಣಿದಿದ್ದೆ."

ಹಾಗೆಂದು ಇನ್ನೊಂದು ಕಾಲಿನ ಗಂಟಿಗೆ ಕೈ ಹಾಕಿದಳು.